ಕ್ಲಾವ್ದಿಯಾಳ ಕೈ ನಡುಗಲಿಲ್ಲ

ಈ ಸಂಗ್ರಹಾಲಯದ ನಿರ್ದೇಶಕರೂ ಇಂದಿನ ಸಭೆಯ ಅಧ್ಯಕ್ಷರೂ ಆದ ನೊನ್ನಾ ಅರ್ಕಾದ್ಯೆವ್ನಾ ಅವರೇ, ಅತಿಥಿಗಳೇ, ಸಭಿಕರೇ,

ಮೊದಲು ಒಂದು ತಿದ್ದುಪಡಿ. ನಲವತ್ತು ವರ್ಷ ಪಾಠ ಹೇಳಿದವನು ತಪ್ಪನ್ನು ಕಂಡು ಸುಮ್ಮನಿರಲಾರ. ನಿಮ್ಮ ಕೈಯಲ್ಲಿರುವ ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ, ವಜ್ರದ ಹರಳುಗಳ ಸುತ್ತುಪಟ್ಟಿಯುಳ್ಳ ನೀಲಿ ಎನಾಮಲ್‌ನ ಕೈಗೋಲಿನ ಹಿಡಿಯ ಕುರಿತು, "ದುರಸ್ತಿಗಾರ್ತಿಯ ಕೈ ನಡುಗಿದ್ದರಿಂದ ಬಿರುಕು ಬಿಟ್ಟಿದೆ" ಎಂದು ಅಚ್ಚಾಗಿದೆ. ಆ ದುರಸ್ತಿಗಾರ್ತಿ ನನ್ನ ಹೆಂಡತಿ ಕ್ಲಾವ್ದಿಯಾ. ಅವಳ ಕೈ ನಡುಗಲಿಲ್ಲ.

ಹಾಗಾದರೆ ಬಿರುಕು ಎಲ್ಲಿಂದ ಬಂತು?

ಆ ಹಿಡಿಯ ಹಳೆಯ ಎನಾಮಲ್ ಒಂದು ಮಗ್ಗುಲಲ್ಲಿ ಉದುರಿತ್ತು. ಇಲ್ಲಿನ ಕಾರ್ಯಾಗಾರದಲ್ಲಿ ಕ್ಲಾವ್ದಿಯಾ ವಜ್ರಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟಳು. ಅಲೆ ಅಲೆಯಾಗಿ ಕೊರೆದ ಬೆಳ್ಳಿಯ ಮೇಲೆ ಗಾಜಿನ ಪುಡಿ ಹರಡಿ, ಕುಲುಮೆಯಲ್ಲಿ ಕರಗಿಸಿದಳು. ಹಾಗೆ ಆರು ಸಲ. ಕಾದ ಹಿಡಿಯನ್ನು ಹೊರತೆಗೆಯುವಾಗ ಕೋಣೆಯೊಳಗೆ ತಣ್ಣನೆಯ ಗಾಳಿ ಸುಳಿಯಬಾರದು. ಅದಕ್ಕಾಗಿ ಕುಲುಮೆ ತೆರೆಯುವ ಮುನ್ನ ಬಾಗಿಲ ಹೊರಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರೂ ಅದನ್ನು ಕಂಡರೆ ನಿಲ್ಲುತ್ತಿದ್ದರು.

ನಾನು ಹೊತ್ತಿನ ವಿಷಯದಲ್ಲಿ ಕಟ್ಟುನಿಟ್ಟಿನವನು. ನೆರೆಯವರೆದುರು ಕ್ಲಾವ್ದಿಯಾ ನನ್ನ ಮುದ್ದುಹೆಸರು ಹಿಡಿದು ಚುಚ್ಚುತ್ತಿದ್ದಳು: "ನಮ್ಮ ಪ್ಲಾತೋಶಾಗೆ ಹೆದ್ರಿ ಸೂರ್ಯಾನೂ ಹೊತ್ತಿಗೆ ಸರಿಯಾಗಿ ಮುಳುಗ್ತಾನೆ. ಜೂನ್‌ನಲ್ಲಿ ಮಾತ್ರ ಈ ಉತ್ತರದೂರಲ್ಲಿ ನಡುರಾತ್ರಿವರ್ಗೂ ಅಲೀತಿರ್ತಾನೆ, ಕ್ಯಾರೇ ಅನ್ನಲ್ಲ!" ನಗಿರಿ. ನಾನೂ ನಗುತ್ತಿದ್ದೆ.

೧೯೭೪ರ ಫೆಬ್ರವರಿ. ಐದು ಗಂಟೆಗೆ ಹೊರಗೆ ಬರುತ್ತೇನೆಂದಿದ್ದಳು. ಐದಾಯಿತು. ಒಂದು ನಿಮಿಷ ತಡವಾದ ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ನಾನು, ಹೆಂಡತಿಗಾಗಿ ಹಿಮ ಬಿದ್ದ ಅಂಗಳದಲ್ಲಿ ನಿಲ್ಲುವುದೇ? ಕೆಂಪು ರಿಬ್ಬನ್ ಕಂಡೆ. ಕಂಡೂ ಬಾಗಿಲು ತೆಗೆದೆ. ಗಾಳಿ ನನಗಿಂತ ಮೊದಲು ಒಳಹೊಕ್ಕಿತು.

"ಬಾಗ್ಲು ಹಾಕೋ! ಮೂರೇ ಮೂರು ನಿಮಿಷ ಕಾಯೋಕಾಗ್ಲಿಲ್ವೇನೋ!"

ಕಾದ ಹಿಡಿಯ ಎನಾಮಲ್ ಟಿಕ್ ಎಂದಿತು. ಅಷ್ಟೇ ಸದ್ದು.

ಕಾರ್ಯಾಗಾರದ ಮುಖ್ಯಸ್ಥರು ಓಡಿಬಂದು, "ಏನಮ್ಮಾ ಇದು? ಯಾರು ಮಾಡಿದ್ದು?" ಎಂದರು. ಆ ವಸಂತದಲ್ಲಿ ನನ್ನನ್ನು ಮುಖ್ಯೋಪಾಧ್ಯಾಯನನ್ನಾಗಿ ನೇಮಿಸುವವರಿದ್ದರು. ಕ್ಲಾವ್ದಿಯಾ ನನ್ನತ್ತ ನೋಡದೆಯೇ, "ನನ್ ಕೈ ನಡುಗ್ತು, ಗೆರ್ಮನ್ ಸವೆಲ್ಯೆವಿಚ್" ಎಂದಳು. ನಾನೇನು ಮಾಡಿದೆ? ಗಡಿಯಾರ ನೋಡಿಕೊಂಡೆ.

ಅವಳಿಗೆ ಮತ್ತೆಂದೂ ಕುಲುಮೆ ಕೊಡಲಿಲ್ಲ. ಇದೇ ಕಟ್ಟಡದ ಕೆಳಗೆ ಹದಿನಾರು ವರ್ಷ, ಸಂದರ್ಶಕರ ಕೋಟು, ಕೈಗೋಲುಗಳನ್ನು ತೆಗೆದಿರಿಸಿ ಬಿಲ್ಲೆ ಕೊಡುತ್ತ ನಿಂತಳು. "ಈಗ್ಲೂ ನನ್ ಕೈಲಿರೋದು ಕೈಗೋಲಿನ ಹಿಡಿಗಳೇ ಕಣೋ, ಮುಖ ಯಾಕೆ ಹಾಗ್ ಮಾಡ್ತೀ?" ಎನ್ನುತ್ತಿದ್ದಳು. ನಾನು ಮುಖ್ಯೋಪಾಧ್ಯಾಯನಾದೆ. ಶಾಲೆ ತೆರೆಯುವ ಪ್ರತಿ ಸೆಪ್ಟೆಂಬರಿನಲ್ಲೂ ಮಕ್ಕಳಿಗೆ ಸತ್ಯದ ಮಹತ್ವವನ್ನು ಬೋಧಿಸಿದೆ. ಹೋದ ನವೆಂಬರಿನಲ್ಲಿ ಅವಳು ತೀರಿಕೊಂಡಳು. ಅವಳ ಶವದ ಮುಂದೆಯೂ ನಾನು ಬಾಯಿ ಬಿಡಲಿಲ್ಲ.

ಅಧ್ಯಕ್ಷರೇ, ಬಿರುಕನ್ನು ಮುಚ್ಚಿಸಬೇಡಿ. ಪುಸ್ತಿಕೆಯ ಆ ಸಾಲನ್ನು ಹೊಡೆದುಹಾಕಿ, "ಕ್ಲಾವ್ದಿಯಾ ಎಮೆಲ್ಯಾನೊವ್ನಾ ಅವರ ಗಂಡ ಬಾಗಿಲು ತೆಗೆದದ್ದರಿಂದ" ಎಂದು ಬರೆಸಿ.

ಐದಕ್ಕೆ ಮುಗಿಸಬೇಕಿತ್ತು, ಮೀರಿದ್ದೇನೆ. ಎದ್ದುಹೋಗದೆ ಕಾದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.

೧೪ ಫೆಬ್ರವರಿ ೧೯೯೬, ಸಂಜೆ ಐದು ಗಂಟೆ ಮೂರು ನಿಮಿಷ.