ಬೇಲಿಯೊಳಗೆ ಹೊಗೆಯಿಲ್ಲ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಪರಿಸರ ಇಲಾಖೆಯ ಹಿರಿಯ ಅಧಿಕಾರಿಗಳೇ, ಗುತ್ತಿಗೆದಾರ ಮಿತ್ರರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದೆ ಕೂತಿರುವ ಧೀರ ಸಭಿಕರೇ,

‘ಹೊಗೆರಹಿತ ಕಾಮಗಾರಿ’ ಎಂಬ ಈ ಪ್ರಶಸ್ತಿ ನನಗೆ ಬಂದದ್ದಲ್ಲ, ನಮ್ಮ ಸೈಟಿನಲ್ಲಿ ಪಾಯ ಅಗೆಯುವ ಬ್ಯಾಟರಿ ಯಂತ್ರಕ್ಕೆ ಬಂದದ್ದು. ಎಂಥ ಯಂತ್ರ! ಸದ್ದಿಲ್ಲ, ಹೊಗೆಯಿಲ್ಲ, ನಮ್ಮ ಅಧ್ಯಕ್ಷರ ಹಾಗೆ ಸೌಮ್ಯ. ಅವರ ಹಾಗೆಯೇ ಮಧ್ಯಾಹ್ನದ ಮೇಲೆ ಸ್ವಲ್ಪ ವಿಶ್ರಾಂತಿ ಕೇಳುತ್ತದೆ, ಅಷ್ಟೇ.

ವಿಶ್ರಾಂತಿ ಅಂದರೆ ಚಾರ್ಜಿಂಗ್. ಕರೆಂಟು ಎಲ್ಲಿಂದ ಎಂದು ಹೊಟ್ಟೆಕಿಚ್ಚಿನಿಂದ ಕೇಳುವವರಿದ್ದಾರೆ. ಸೈಟಿಗೆ ಲೈನು ಇನ್ನೂ ಬಂದಿಲ್ಲ, ನಿಜ. ಹಾಗೆಂದು ಕೈಕಟ್ಟಿ ಕೂರಬೇಕೇ? ದೊಡ್ಡದೊಂದು ಡೀಸೆಲ್ ಜನರೇಟರ್ ತಂದೆವು. ಹೊಗೆ ಅಳೆಯುವ ಮೀಟರು ಇರುವುದು ಬೇಲಿಯೊಳಗೆ. ಆದ್ದರಿಂದ ಜನರೇಟರನ್ನು ಬೇಲಿಯಾಚೆ ಇಟ್ಟೆವು. ನಿಯಮ ಮುರಿದೆವೇ? ಇಲ್ಲ. ಕೂದಲೆಳೆಯಷ್ಟೂ ಇಲ್ಲ.

ಬೇಲಿಯಾಚೆ ಜಾಗ ಕೊಟ್ಟವರು ಯಾರು? ಮುಂದಿನ ಸಾಲಿನಲ್ಲಿರುವ ನನ್ನ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮಷಿನ್ ತುಳಿದು ನನ್ನನ್ನು ಓದಿಸಿದವಳು. "ಅಕ್ಕ, ನಿನ್ನ ಹಿತ್ತಲಲ್ಲಿ ಒಂದು ಡಬ್ಬ ಇಡ್ತೀನಿ" ಅಂದೆ. "ಇಟ್ಕೋ ಹೋಗೋ, ಅದಕ್ಕೇನು ಕೇಳೋದು" ಅಂದಳು. ಹಿತ್ತಲ ಗೇಟಿನ ಕೀ ಇವತ್ತಿಗೂ ಅವಳ ಹತ್ತಿರವೇ.

ಪಾಪ, ಅವಳಿಗೆ ಇತ್ತೀಚೆಗೆ ದಮ್ಮು. ಕಿಟಕಿ ತೆಗೆದಿಡಿ ಎಂದರು ಡಾಕ್ಟರು. ತೆಗೆದಳು, ಇನ್ನೂ ಜಾಸ್ತಿಯಾಯಿತು. ವಯಸ್ಸು, ಸಭಿಕರೇ, ವಯಸ್ಸು! ಆದರೆ ಇವತ್ತು ಬೆಳಿಗ್ಗೆ ಫೋನ್ ಮಾಡಿ, "ನಿನ್ನೆಯಿಂದ ಸಲೀಸಾಗಿ ಉಸಿರಾಡ್ತಿದೀನಿ ಕಣೋ, ಯಾಕೋ ಗೊತ್ತಿಲ್ಲ" ಅಂದಳು. ನನಗೆ ಕಣ್ಣು ತುಂಬಿ ಬಂತು. ಶುದ್ಧ ಗಾಳಿಗಾಗಿ ನಾವು ಪಟ್ಟ ಪಾಡು ಕೊನೆಗೂ ನಮ್ಮ ಮನೆಯವರಿಗೇ ದಕ್ಕಿತಲ್ಲ!

ಇನ್ನು ವಂದನೆಗಳು. ನಿನ್ನೆ ಈ ಸಭಾಂಗಣದಲ್ಲಿ ಕರೆಂಟು ಕೈಕೊಟ್ಟಾಗ, ಅಕ್ಕನ ಹಿತ್ತಲಿಂದ ನಮ್ಮ ಜನರೇಟರನ್ನೇ ಎಳೆದು ತಂದು ಈ ದೀಪ, ಈ ಮೈಕು ನಡೆಸುತ್ತಿರುವ ನನ್ನ ಕೆಲಸಗಾರರಿಗೆ ವಂದನೆ. ಸಂಜೆಯೊಳಗೆ ಅದನ್ನು ವಾಪಸ್ ಅಲ್ಲೇ...

ಅಕ್ಕ? ಯಾಕೆ ಎದ್ದೆ? ಊಟದ ಹಾಲ್ ಈ ಕಡೆ. ಹೋಗೋದಾದ್ರೆ ಗೇಟಿನ ಕೀ ಮೇಸ್ತ್ರಿ ಕೈಲಿ ಕೊಟ್ಟು ಹೋಗಕ್ಕ. ಅಯ್ಯೋ, ಚೀಲದೊಳಗೆ ಯಾಕೆ ಹಾಕ್ಕೊಂಡೆ? ಅಕ್ಕಾ...

ಕ್ಷಮಿಸಿ, ಸಭಿಕರೇ. ಅವಳು ನನಗೆ ಇಲ್ಲ ಎಂದದ್ದು ಇದೇ ಮೊದಲು. ಬಂದವರಿಗೆಲ್ಲ ವಂದನೆ, ನಮಸ್ಕಾರ.