ಚೀರುವ ಪುಲಿ

ಶಂತನು ಮಿರಜಿನ ಗ್ಯಾರೇಜೊಂದರ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಚೀರುತ್ತಿದ್ದ ಲಾರಿಯ ಪಕ್ಕದಿಂದ ಮಾತು ಕೇಳಿಸಿತು.

“ಬೆಲ್ಟಿಗೆ ಸಾಬೂನು ಹಚ್ಚೀಯೇನೋ?” ಎಂದರು ಮೆಕ್ಯಾನಿಕ್ ಚಂದ್ರಭಾಗಾ. ಡ್ರೈವರುಗಳೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

“ಹೂಂ ಮಾವಶಿ, ಚೀರೂದು ನಿಲ್ಲಲಿ ಅಂತ,” ಎಂದ ಡ್ರೈವರ್ ರಾವಸಾಬ.

“ಕೂಸು ಅತ್ತರ ಬಾಯಿ ಮುಚ್ಚತೀಯೇನು?”

“ದ್ರಾಕ್ಷಿ ತುಂಬೇನ್ರಿ. ಸಂಜೀಕ ಪುಣೆ ಮುಟ್ಟದಿದ್ರ ಮಾಲು ಕೆಡತೈತ್ರಿ.”

ಚಂದ್ರಭಾಗಾ ಬೆಲ್ಟು ಬಿಚ್ಚಿ, ಅರೆ ನಿಮಿಷ ಎಂಜಿನ್ ಓಡಿಸಿದರು. ಚೀರಾಟವಿಲ್ಲ. ಎಂಜಿನ್ ನಿಲ್ಲಿಸಿ, ಕಣ್ಣು ಮುಚ್ಚಿ, ಬೆಲ್ಟು ಸುತ್ತುವ ಗಾಲಿಗಳಾದ ಪುಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದರು. ಮೂರನೆಯದು ಕರಕರ ಎಂದಿತು.

“ಬೆಲ್ಟಿಂದೇನೂ ತಪ್ಪಿಲ್ಲ. ಇದರೊಳಗಿನ ಬೇರಿಂಗ್ ಒಣಗೇತಿ. ಘಾಟಿನ್ಯಾಗ ಕೈ ಕೊಡತಿತ್ತು.”

ಹೊಸ ಬೇರಿಂಗ್ ಕೂರಿಸಿದ ಮೇಲೆ ಎಂಜಿನ್ ಮೆತ್ತಗೆ ಗುನುಗಿತು.

“ಮಾವಶಿ, ನಿಮ್ಮ ಕೈಗೆ ನಮಸ್ಕಾರ್ರಿ!”

“ನಮಸ್ಕಾರ ಆಮ್ಯಾಲ ಮಾಡು. ದ್ರಾಕ್ಷಿ ಬಾಡತಾವ, ನಡಿ.”

ಲಾರಿ ತಿರುವು ದಾಟುವವರೆಗೂ ಶಂತನು ಕಿವಿಗೊಟ್ಟು ನಿಂತ. ಚೀರಾಟ ಕೇಳಲೇ ಇಲ್ಲ.