ಕತ್ತರಿಸದೆ ಉಳಿದ ಕನ್ನಡಕದ ಹೆಂಗಸು

...ಅಯ್ಯೋ, ಹಾಗೆ ಗುರಾಯಿಸಬೇಡ ಕಣೇ! ಇದು ಪರೀಕ್ಷೆ ಅಲ್ಲ. ಸರಿ, ತಪ್ಪು ಅಂತ ಏನೂ ಇಲ್ಲ ಇದರಲ್ಲಿ. ಪಕ್ಕದ ಪಟ್ಟೀಲಿರೋ ಜನರನ್ನ ಕತ್ತರಿಸೋದು, ಗಮ್ ಹಚ್ಚಿ ಈ ಮನೆ ಚಿತ್ರದೊಳಗೆ ಅಂಟಿಸೋದು, ಆಮೇಲೆ ಹೇಗಿತ್ತು ಅಂತ ಹೇಳೋದು. ಹೇಳೋಕೆ ಇಷ್ಟ ಇಲ್ವಾ? ಬೇಡ ಬಿಡು. ಸ್ಟಿಕರ್ ಇದೆಯಲ್ಲ... ನಗೋ ಮುಖ, ಅಳೋ ಮುಖ, ನಡುವೆ ಈ ಸುಮ್ಮನಿರೋ ಮುಖ. ನಿನಗೆ ಯಾವುದು ಅನ್ಸುತ್ತೋ ಅದನ್ನ ಅಂಟಿಸು, ಆಯ್ತು. ನಿಮ್ಮಪ್ಪ ಕೆಲಸದಿಂದ ಬರೋದರೊಳಗೆ ಮುಗಿಸಿಬಿಡೋಣ.

ಏನು, ಯಾಕೆ ಅಂತ ನೋಡ್ತಿದೀಯಾ? ಆಫೀಸಲ್ಲಿ ಕೇಳಿದಾರೆ ಪುಟ್ಟಿ. ಪುಟ್ಟ ಮಕ್ಕಳಿಗೆ ವರ್ಕ್‌ಶೀಟ್ ಮಾಡೋದು ನನ್ನ ಕೆಲಸ ಅಲ್ವಾ? ಮಾಡಿದ ಮೇಲೆ ಮಕ್ಕಳು ಏನಂತಾರೆ ಕೇಳ್ಕೊಂಡು ಬನ್ನಿ ಅಂತ ಕಳಿಸ್ತಾರೆ. "ಮನೇಲೇ ಐದು ವರ್ಷದ ಮಗು ಇದೆಯಲ್ಲ, ಅವಳನ್ನೂ ಕೇಳಿ" ಅಂದ್ರು ಸಾಹೇಬರು. ಹೌದು, ಅಂದ್ರು! ಯಾಕೆ, ಅನ್ನಬಾರದಾ?

ಸರಿ, ಕತ್ತರಿಸ್ತಾ ಇರು. ನಾನು ಮಾತಾಡ್ತೀನಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿನ್ನ ಹತ್ರ ಗಣಿನೇ ಇದೆ, ನನ್ನ ಹತ್ರ ಬರೀ ಚಿಲ್ಲರೆ.

ಮೊನ್ನೆ ನರ್ಸರಿಗೆ ಹೋಗಿದ್ದೆ ಗೊತ್ತಾ, ಇದೇ ಸ್ಟಿಕರ್ ಹಿಡ್ಕೊಂಡು. ಎಲ್ಲ ಮಕ್ಕಳೂ ನಗೋ ಮುಖನೇ ಅಂಟಿಸಿದ್ವು. ಎಲ್ಲವೂ! ನಾನು ಗಾಳಿಯಲ್ಲಿ ತೇಲ್ತಿದ್ದೆ. ಆಮೇಲೆ ಟೀಚರ್ ಮೆಲ್ಲಗೆ ಹೇಳಿದ್ರು... "ಮೇಡಂ, ಅದು ಹಳದಿ ಬಣ್ಣ, ಮಿಂಚುತ್ತೆ, ಅದಕ್ಕೆ." ಒಂದು ಮಗು ವರ್ಕ್‌ಶೀಟ್ ಮುಟ್ಟೇ ಇರಲಿಲ್ಲ, ಅದೂ ನಗೋ ಮುಖ ಅಂಟಿಸಿತ್ತು. ಇನ್ನೊಂದು, ಸ್ಟಿಕರನ್ನ ತಿಂದೇಬಿಟ್ಟಿತು. ಅದು ಯಾವ ಲೆಕ್ಕಕ್ಕೆ? "ಬಹಳ ಹಿಡಿಸಿದೆ" ಅಂತ ಬರ್ಕೊಂಡೆ.

ತಾಳು, ಅಸಲಿ ಕಥೆ ಇನ್ನು ಮುಂದಿದೆ. ಕಾಗದ ಉಳಿಸೋಣ ಅಂತ ನಾನು ಹಾಳೆಯ ಎರಡೂ ಕಡೆ ಪ್ರಿಂಟ್ ಮಾಡ್ಸಿದ್ದೆ. ಮುಂದೆ, ಹಸುವನ್ನು ಕತ್ತರಿಸಿ ಅಂಟಿಸಿ. ಹಿಂದೆ, ಮೀನುಗಳನ್ನ ಎಣಿಸಿ. ಮಕ್ಕಳು ಹಸು ಕತ್ತರಿಸಿದ್ವು. ಚೆನ್ನಾಗೇ ಕತ್ತರಿಸಿದ್ವು ಪಾಪ! ಹಾಳೆ ತಿರುಗಿಸಿದ್ರೆ... ಮೀನುಗಳಿಗೆ ತಲೆನೇ ಇಲ್ಲ. ತಲೆಗಳೆಲ್ಲ ಹಸುವಿನ ಜೊತೆ ಹೋಗಿವೆ! ಒಂದು ಮಗು "ನಾನು ಮೀನು ಸಾಯಿಸಿದೆ" ಅಂತ ಶುರು ಮಾಡಿತು ನೋಡು ಅಳೋದಕ್ಕೆ, ಇಡೀ ಕ್ಲಾಸು ಜೊತೆಗೆ ಸೇರ್ಕೊಂಡಿತು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇಷ್ಟು ವರ್ಷದ ಅನುಭವಸ್ಥೆ ನಾನು, ಹಾಳೆಗೆ ಹಿಂದೆನೂ ಒಂದು ಕಡೆ ಇರುತ್ತೆ ಅಂತ ಹೊಳೀಲಿಲ್ಲ!

ನಕ್ಕೆ! ಈಗ ನಕ್ಕೆ ನೀನು, ನಾನು ನೋಡಿದೆ... ಇಲ್ವಾ? ಕೆಮ್ಮಾ? ಸರಿ, ಕೆಮ್ಮು.

ಎಲ್ಲಿಗೆ ಬಂತು ಮನೆ, ತೋರ್ಸು. ಆಹಾ! ಅಪ್ಪನನ್ನ ಅಡುಗೆಮನೇಲಿ ಅಂಟಿಸಿದೀಯ. ಇದನ್ನ ನಿಮ್ಮಪ್ಪನಿಗೂ ತೋರಿಸ್ಬೇಕು, ಅಡುಗೆಮನೆ ಯಾವ ಕಡೆ ಇದೆ ಅಂತ ಅವರಿಗೂ ಗೊತ್ತಾಗ್ಲಿ. ಬೆಕ್ಕು ಮಾಡಿನ ಮೇಲೆ. ಎರಡು ಜಡೆ ಹುಡುಗಿ ಕಿಟಕಿ ಹತ್ರ. ಹಾಲ್ ಖಾಲಿ ಇದೆ...

ಪಕ್ಕದ ಪಟ್ಟೀಲಿ ಇನ್ನೂ ಒಬ್ಬರು ಉಳ್ಕೊಂಡಿದಾರಲ್ಲ? ಇಗೋ, ಕೆಳಗೆ, ಕನ್ನಡಕ ಹಾಕ್ಕೊಂಡಿರೋ ಹೆಂಗಸು. ಅವಳನ್ನೂ ಕತ್ತರಿಸಿ ಎಲ್ಲಾದ್ರೂ ಅಂಟಿಸ್ಬೇಕು, ಆಟ ಮುಗಿಯೋದೇ ಆಗ.

ಯಾಕೆ ಕತ್ತರಿ ಕೆಳಗಿಟ್ಟೆ? ಮೊಂಡಾಗಿದೆಯಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ... ಅಲ್ಲ, ನಿನಗಲ್ಲ ಹೇಳಿದ್ದು. ನಾನು ಅಂಚಿನ ಗೆರೆ ಸಣ್ಣಗೆ ಎಳೆದುಬಿಟ್ಟಿದೀನೇನೋ. ಹೌದು, ತಪ್ಪು ನಂದೇ ಇರುತ್ತೆ.

ನನ್ನ ಮುಖ ಯಾಕೆ ನೋಡ್ತೀಯ? ಮತ್ತೆ ಹಾಳೆ ನೋಡ್ತೀಯ? ಅಲ್ಲ... ಲೋಕದಲ್ಲಿ ಕನ್ನಡಕ ಹಾಕೋರು ಎಷ್ಟು ಜನ ಇಲ್ಲ! ಅದು ಯಾರೂ ಅಲ್ಲ ಕಣೇ. ಸುಮ್ನೆ ಒಬ್ಬ ಹೆಂಗಸು. ಮನೆ ಅಂದ್ಮೇಲೆ ಯಾರಾದ್ರೂ ಬರ್ತಾರೆ ಹೋಗ್ತಾರೆ... ಮೂಗಿನ ಮೇಲೆ ಮಚ್ಚೆನಾ? ಅದು ಇಂಕು ಬಿದ್ದಿರೋದು!

ಒಳಗೆ ಜಾಗ ಇಲ್ಲ ಅಂದ್ರೆ ಬಾಗಿಲ ಹತ್ರ ಅಂಟಿಸು. ಮೆಟ್ಟಿಲ ಮೇಲಾದ್ರೂ ಸರಿ. ಬೆಕ್ಕಿನ ಪಕ್ಕ? ಮಾಡಿನ ಮೇಲೆ ಗಾಳಿ ಚೆನ್ನಾಗಿರುತ್ತೆ. ಅವಳೇನೂ ಅಂದ್ಕೊಳ್ಳಲ್ಲ.

ಯಾಕೆ ಹಾಳೆ ಹಿಂದೆ ತಿರುಗಿಸ್ತೀಯ ಪದೇ ಪದೇ? ಆಟ ಇರೋದು ಮುಂದೆ.

ನೋಡು ಪುಟ್ಟಿ, ನಿನಗೆ ಅವಳು ಬೇಡ ಅಂದ್ರೆ ಬೇಡ ಅನ್ನು. ನಾನು ಈ ಮನೆಗೆ ಬಂದು ವರ್ಷ ಆಗ್ತಾ ಬಂತು. ನೀನು ನನ್ನ ಏನಂತಾನೂ ಕರೆದಿಲ್ಲ. ಅಪ್ಪನ ಹತ್ರ ಮಾತ್ರ "ಅವರು ಊಟಕ್ಕೆ ಕರೀತಿದಾರೆ" ಅಂತೀಯ. ಮೊದಲನೇ ಸಲ ಕೇಳಿದಾಗ ಯಾರೋ ದೊಡ್ಡೋರು ಬಂದಿದಾರೆ ಅಂತ ನಾನು ಹಿಂದೆ ತಿರುಗಿ ನೋಡಿದೆ! ನಿಮ್ಮಪ್ಪ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೀತಾ... ಇರ್ಲಿ ಬಿಡು. ಈ ಮಾತು ಈಗ್ಯಾಕೆ!

ಏನು? ಏನು ತೋರಿಸ್ತಿದೀಯ? ಹಿಂದೆ... ಹಿಂದೆ ಏನಿದೆ...

ಅಯ್ಯೋ.

ಅಯ್ಯೋ ದೇವರೇ. ಪಟ್ಟಿಯ ಹಿಂದೆ, ಕೆಳಗಿನ ತುದೀಲಿ... ಇದು ನೀನು ಬರೆದ ಚಿತ್ರ.

ಹಸಿರು ಬಟ್ಟೆ, ಪಾದದ ತನಕ ಕೂದಲು... ಗೋಡೆ ಮೇಲಿನ ಫೋಟೋದಲ್ಲೂ ಹೀಗೇ ಇದಾರೆ. ನಿಮ್ಮಮ್ಮ. ಪ್ರಿಂಟರ್‌ನಲ್ಲಿ ಹಾಳೆ ಮುಗಿದಿತ್ತು ಕಣೇ. ಮೇಜಿನ ಮೇಲೆ ಒಂದು ಬಿದ್ದಿತ್ತು, ಖಾಲಿ ಕಡೆ ಮೇಲಾಗಿ ಬಿದ್ದಿತ್ತು. ತಿರುಗಿಸಿ ನೋಡದೆ ತುರುಕಿಬಿಟ್ಟೆ. ಎಡವಿದ ಕಾಲೇ ಎಡವೋದು ನೋಡು! ಮೀನಿನ ಕಥೆ ಹೇಳಿ ನಗಿಸೋಕೆ ಬಂದವಳು ನಾನು...

ಈ ಕನ್ನಡಕದವಳನ್ನ ಕತ್ತರಿಸಿದ್ರೆ ಹಿಂದೆ ನಿಮ್ಮಮ್ಮನ ತಲೆ ಹೋಗುತ್ತೆ. ಅದಕ್ಕಾ ಕತ್ತರಿ ಕೆಳಗಿಟ್ಟಿದ್ದು? ಅದಕ್ಕೇನಾ? ನಾನು... ನಾನು ಏನೇನೋ ಅಂದ್ಕೊಂಡೆ ಕಣೇ.

ಕೊಡು ಆ ಕತ್ತರಿ ಇಲ್ಲಿ. ಬೇಡ, ಯಾರೂ ಏನೂ ಕತ್ತರಿಸೋದು ಬೇಡ. ಅವಳು ಪಟ್ಟಿಯಲ್ಲೇ ಇರ್ಲಿ, ಮನೆಯಿಂದ ಆಚೆ. ಏನಾಗುತ್ತೆ? ಇಲ್ಲ, ನಾನು ಅಳ್ತಿಲ್ಲ. ಕನ್ನಡಕ ಒರೆಸ್ಕೊಳ್ತಿದೀನಿ.

ಏನು ಮಾಡ್ತಿದೀಯ? ಮಡಚ್ತೀಯಾ? ಪಟ್ಟಿನ ಮನೆ ಮೇಲಕ್ಕೆ... ನಿಧಾನ, ಅಂಚು ಹರಿದೀತು...

ಓ. ಈಗ ನಿಮ್ಮಮ್ಮ ಮೇಲೆ ಬಂದ್ರು. ಹಾಲ್‌ನಲ್ಲಿ ನಿಂತಿದಾರೆ. ಎಷ್ಟು ಚೆನ್ನಾಗಿ ಕಾಣ್ತಾರೆ! ಮತ್ತೆ ನಾನು... ಅಂದ್ರೆ ಆ ಹೆಂಗಸು, ಅವಳೆಲ್ಲಿ? ಇವರ ಬೆನ್ನ ಹಿಂದೆ, ಅಡಿಯಲ್ಲಿ. ಮೂಗು ಗೋಡೆಗೆ ಒತ್ತಿರುತ್ತೆ, ಕನ್ನಡಕ ಚಪ್ಪಟೆ ಆಗಿರುತ್ತೆ. ಆದ್ರೆ ಒಳಗೇ ಇದಾಳೆ, ಅಲ್ವಾ? ಮನೆ ಒಳಗೇ ಇದಾಳೆ?

ತಲೆ ಆಡಿಸಿದೆ. ಆಡಿಸಿದೆ ತಾನೇ?

ಈಗ ಸ್ಟಿಕರ್ ಯಾಕೆ ತಗೊಂಡೆ? ಹಾಂ, ಅಂಟಿಸ್ಬೇಕಲ್ಲ. ಅಂಟಿಸು. ಯಾಕೆ ಬೆರಳ ತುದೀಲಿ ಹಿಡ್ಕೊಂಡು ನನ್ನನ್ನೇ ನೋಡ್ತೀಯ? ಎಲ್ಲಿ ಅಂಟಿಸ್ಲಿ ಅಂತನಾ? ಹಾಳೆಗೆ ಕಣೇ. ನಾನು ಕೇಳಿದ್ದು ಹಾಳೆ ಹೇಗಿದೆ ಅಂತ. ಆಫೀಸಿನವರಿಗೆ...

ಹಾಗೆ ನೋಡಬೇಡ ಅಂದೆನಲ್ಲ.

...ಸರಿ. ಆಫೀಸಿನವರು ಕೇಳಿಲ್ಲ. ಸಾಹೇಬರಿಗೆ ಮನೇಲಿ ಮಗು ಇದೆ ಅಂತಾನೂ ಗೊತ್ತಿಲ್ಲ. ಈ ಮನೆ ಆಟ ಬೇರೆ ಯಾವ ಮಗುವಿಗೂ ಇಲ್ಲ, ಇದೊಂದೇ ಇರೋದು. ಹಾಳೆ ಹೇಗಿದೆ ಅಂತ ಅಲ್ಲ ನಾನು ಕೇಳಿದ್ದು. ನಾನು ಹೇಗಿದೀನಿ ಅಂತ. ನೇರವಾಗಿ ಕೇಳೋಕೆ ಹೆದರಿಕೆ ಆಯ್ತು. ಐದು ವರ್ಷದವಳಿಗೆ ಹೆದರೋಳು, ನೋಡು ನನ್ನ ಶೌರ್ಯ!

ಅಯ್ಯಯ್ಯೋ, ಕೆನ್ನೆಗಾ? ತಡಿ, ಯಾವ ಮುಖ ಅಂಟಿಸಿದೆ, ಈ ಚಮಚದಲ್ಲಿ ನೋಡ್ಕೊಳ್ತೀನಿ...

ಸುಮ್ಮನಿರೋ ಮುಖ.

ಇಲ್ಲ ಕಣೇ, ಬೇಜಾರಿಲ್ಲ. ನಿಜವಾಗ್ಲೂ. ಆ ನರ್ಸರಿ ಮಕ್ಕಳೆಲ್ಲ ನಗೋ ಮುಖ ಕೊಟ್ವು, ಒಂದನ್ನೂ ನಂಬೋ ಹಾಗಿರಲಿಲ್ಲ. ಇದನ್ನ ನಂಬ್ತೀನಿ. ಅಳೋ ಮುಖನೂ ಇತ್ತಲ್ಲ ಪಕ್ಕದಲ್ಲೇ, ಅದನ್ನ ನೀನು ಮುಟ್ಟಲಿಲ್ಲ.

ಕೀಳಬೇಡ, ಇರ್ಲಿ. ಗೇಟ್ ಸದ್ದಾಯ್ತು ನೋಡು, ಅಪ್ಪ ಬಂದ್ರು. ನನ್ನ ಕೆನ್ನೆ ಮೇಲೇನದು ಅಂತ ಕೇಳೇ ಕೇಳ್ತಾರೆ. ನೀನೇ ಹೇಳ್ಬೇಕು, ನಾನು ಬಾಯಿ ಬಿಡಲ್ಲ. "ಅವರಿಗೆ ನಾನು ಅಂಟಿಸಿದ್ದು" ಅನ್ನು. ಅವರು ಅಂತಾನೇ ಅನ್ನು, ಪರವಾಗಿಲ್ಲ. ಈ ಸಲ ನಾನು ಹಿಂದೆ ತಿರುಗಿ ನೋಡಲ್ಲ.